ಪೆನ್ರಿನ್ ಹಡಗಿನ ನಡುಪಟ್ಟಿ

ಪ್ಲಿಮತ್ ಡಾಕ್
ಏಪ್ರಿಲ್ 6, 1708

ತಮ್ಮ ಅಂಬ್ರೋಸ್,

ನೀನು ರಂಪ ಮಾಡಿ ಹಡಗು ಹತ್ತಿಬಿಟ್ಟೆ. ಅದರ ಹೊಗೆ ಕುಡಿಯುತ್ತಿರುವವಳು ಇಲ್ಲಿ ನಾನು. ಮಾತಾಡುವುದಕ್ಕೆ ನಿನಗೆ ಬೇರೆ ಜಾಗವೇ ಸಿಗಲಿಲ್ಲವೇ? ಸಂಜೆ ಗಂಟೆ ಹೊಡೆದು, ಬಡಗಿಗಳೆಲ್ಲ ಹೆಗಲ ಮೇಲೆ ಚೂರುಕಟ್ಟಿಗೆಯ ಹೊರೆ ಹೊತ್ತು ಹಡಗುಕಟ್ಟೆಯ ಬಾಗಿಲು ದಾಟುವ ಹೊತ್ತಿಗೇ ಆಗಬೇಕಿತ್ತೇ? ಅಷ್ಟು ಜನರ ಎದುರಿಗೆ "ಅಪ್ಪ, ನೀನು ಕಟ್ಟಿದ ಪೆನ್ರಿನ್ ಕುಡುಕಿ. ಸ್ವಲ್ಪ ಗಾಳಿ ಬಂದ್ರೆ ಒರಗಿಕೊಳ್ಳೋಕೆ ಗೋಡೆ ಹುಡುಕ್ತಾಳೆ" ಅಂದುಬಿಟ್ಟೆ. ನಕ್ಕವರೆಲ್ಲ ಅಪ್ಪನ ಕೈಕೆಳಗೆ ಬಾಚಿ ಹಿಡಿಯುವುದನ್ನು ಕಲಿತವರು. ಅದು ಅಪ್ಪನಿಗೆ ನಿನ್ನ ಮಾತಿಗಿಂತ ಹೆಚ್ಚು ನಾಟಿತು.

ನೀನು ಹೇಳಿದ್ದು ಸುಳ್ಳು ಎಂದು ನಾನು ಅನ್ನುತ್ತಿಲ್ಲ. ನಿನ್ನ ಜೊತೆ ಅದೇ ಹಡಗಿನಲ್ಲಿರುವ ನನ್ನ ಜೊರಿಯೂ ಅದನ್ನೇ ಹೇಳುತ್ತಾನೆ. ಅಪ್ಪ ಪೆನ್ರಿನ್ ಹಡಗಿನ ಚೂರುಗಳಿಂದಲೇ ಕೆತ್ತಿ ಅಟ್ಟಣಿಗೆಯ ಮೇಲಿಟ್ಟ ಪುಟ್ಟ ಹಡಗನ್ನು ನೀವಿಬ್ಬರೂ ಸೇರಿ ನನ್ನ ಒಗೆಯುವ ತೊಟ್ಟಿಯಲ್ಲಿ ತೇಲಿಬಿಟ್ಟ ದಿನ ನೆನಪಿದೆಯೇ? ಮೇಲೆ ತೋಪುಗಳೆಂದು ಸೀಸದ ಗುಂಡು ಜೋಡಿಸಿ, ಜೊರಿ ಕೆನ್ನೆ ಉಬ್ಬಿಸಿ ಊದಿದ. ಹಡಗು ಪಕ್ಕಕ್ಕೆ ಮಲಗಿಯೇಬಿಟ್ಟಿತು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಅಪ್ಪ ಅದನ್ನು ನೀರಿನಿಂದ ಎತ್ತಿ, ತನ್ನ ಅಂಗಿಯಲ್ಲೇ ಒರೆಸಿ ಮೇಲಿಟ್ಟು, ಊಟ ಮಾಡದೆ ಮಲಗಿದ. ಆವತ್ತೇ ನಮಗೆ ತಿಳಿಯಬೇಕಿತ್ತು.

ನಿನಗೆ ಕಾಗದ ಬರೆಯುವುದಿಲ್ಲ ಎಂದು ಅಪ್ಪ ಹಠ ಹಿಡಿದಿದ್ದಾನೆ. ಆದರೆ ನಾನು ಲೇಖನಿ ಹಿಡಿದರೆ ಸಾಕು, ಗೋಡೆಗೆ ಹೇಳುವವನ ಹಾಗೆ ಶುರುಮಾಡುತ್ತಾನೆ. "ಬರೆಯೋರು ಬರಿಯಬಹುದು, ನಾನು ಅವಳನ್ನ ನೀರಿಗೆ ಇಳಿಸಿದಾಗ ನೆಟ್ಟಗೇ ನಿಂತಿದ್ಲು ಅಂತ. ಅಗಲ ಇಷ್ಟೇ ಇರಬೇಕು ಅಂತ ಲಂಡನ್ನಿಂದ ಕಾಗದ ಬಂತು, ಅಷ್ಟೇ ಇಟ್ಟೆ. ಆಮೇಲೆ ಅವಳ ತಲೆ ಮೇಲೆ ದಪ್ಪ ದಪ್ಪ ತೋಪು ಹೇರಿದೋರು ಅವರೇ. ಬೈಗುಳ ಮಾತ್ರ ನನಗೆ!" ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ಹೊಟ್ಟೆಗೆ ಇನ್ನಷ್ಟು ಜಲ್ಲಿ ಹಾಕ್ಸು ಅಂತ ಬರಿ. ಹೊಟ್ಟೆ ಭಾರ ಆದ್ರೆ ತಲೆ ನೆಟ್ಟಗಾಗತ್ತೆ. ಇಷ್ಟು ಗೊತ್ತಿಲ್ದೋನು ಹಡಗಿನ ಬಡಗಿಯಂತೆ!"

ಇದನ್ನು ರಾಜಿಯ ಮಾತು ಎಂದೇ ತಿಳಿದುಕೋ. ಇದಕ್ಕಿಂತ ಮೆತ್ತಗೆ ಮಾತಾಡಲು ಅವನಿಗೆ ಬರುವುದಿಲ್ಲ.

ಜೊರಿಗೆ ಹೇಳು, ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್ ಹಬ್ಬಕ್ಕೆ ಮದುವೆ ಎಂದರೆ ಮೈಕೆಲ್‌ಮಸ್‌ಗೇ. ಪಾದ್ರಿಯ ಹತ್ತಿರ ಮಾತಾಡಿದ್ದೇನೆ. ಹಾಸಿಗೆ ಬಟ್ಟೆಗೆ ಅಂಚು ಹೊಲಿಯುತ್ತಿದ್ದೇನೆ. ಊರಿನವರ ಬಟ್ಟೆಯೆಲ್ಲ ಒಗೆದ ಕೈ ಇದು, ಈ ಸಲ ನನ್ನದೇ ಒಗೆಯುತ್ತೇನೆ.

ನಿನ್ನ ಅಕ್ಕ,
ತಾಮ್ಸಿನ್

•

ಪೆನ್ರಿನ್ ಹಡಗು, ಲಿಸ್ಬನ್ ಬಂದರು
ಜೂನ್ 19, 1708

ಅಕ್ಕ,

ನಿನ್ನ ಕಾಗದ ತಲುಪಿತು. ಗೋಡೆಗೆ ನನ್ನ ನಮಸ್ಕಾರ ತಿಳಿಸು.

ಅಪ್ಪನ ಮಾತು ಕಪ್ತಾನರಿಗೆ ಮುಟ್ಟಿಸಿದೆ. ಕಟ್ಟಿದ ಮೇಸ್ತ್ರಿಯೇ ಹೇಳಿದ್ದಾನೆ ಎಂದಾಗ ಅವರು ಎರಡನೇ ಮಾತಾಡಲಿಲ್ಲ. ಇಲ್ಲಿಯ ನದಿಯಂಚಿನಿಂದ ದೋಣಿಗಟ್ಟಲೆ ಜಲ್ಲಿ ತರಿಸಿ ಹೊಟ್ಟೆಗೆ ಸುರಿಸಿದರು. ಪೆನ್ರಿನ್ ಈಗ ಮೊದಲಿಗಿಂತ ನೆಟ್ಟಗೆ ನಿಲ್ಲುತ್ತಾಳೆ, ಇದು ನಿಜ. ಅಪ್ಪನಿಗೆ ಹೇಳು, ಖುಷಿಪಡಲಿ.

ಇನ್ನು ಮುಂದಿನದನ್ನು ಅವನಿಗೆ ಓದಿ ಹೇಳುವುದೋ ಬೇಡವೋ ನೀನೇ ನೋಡು. ಜಲ್ಲಿ ಹೇರಿದಷ್ಟೂ ಹಡಗು ನೀರಿನೊಳಕ್ಕೆ ಕೂರುತ್ತದೆ. ಕೆಳ ಅಟ್ಟದ ತೋಪಿನ ಕಿಂಡಿಗಳು ಮೊದಲೇ ನೀರಿಗೆ ಹತ್ತಿರ, ಈಗ ಇನ್ನೂ ಹತ್ತಿರ. ನಿಂತ ನೀರಿನಲ್ಲೇ ಕಿಂಡಿಯಿಂದ ಬಗ್ಗಿ ಮುಖ ತೊಳೆಯಬಹುದು. ಗಾಳಿ ಬಂದು ಹಡಗು ಬಾಗಿತೋ, ಬಾಗಿದ ಬದಿಯ ಕಿಂಡಿಗಳ ಮುಚ್ಚಳ ತೆಗೆಯುವ ಹಾಗೇ ಇಲ್ಲ. ನಮ್ಮ ದಪ್ಪ ತೋಪುಗಳೆಲ್ಲ ಇರುವುದು ಅಲ್ಲೇ. ಬರುವಾಗ ವ್ಯಾಪಾರಿ ಹಡಗುಗಳಿಗೆ ಕಾವಲಾಗಿ ಬಂದೆವಲ್ಲ, ಯಾವ ಫ್ರೆಂಚನೂ ಎದುರಾಗಲಿಲ್ಲ. ಎದುರಾಗಿದ್ದರೆ ಒಂದು ಕೈ ಕಟ್ಟಿಕೊಂಡು ಹೊಡೆದಾಡಬೇಕಿತ್ತು.

ಇದಕ್ಕೆ ಒಂದೇ ಔಷಧ, ಅದು ಅಪ್ಪನಿಗೂ ಗೊತ್ತು. ನೀರಿನ ಮಟ್ಟದಲ್ಲಿ ಎರಡು ಬದಿಗೂ ದಪ್ಪ ಓಕ್ ಹಲಗೆಯ ನಡುಪಟ್ಟಿ ಹೊಡೆಯಬೇಕು. ನಡು ಅಗಲವಾದರೆ ಹಡಗು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಜಲ್ಲಿ ತೆಗೆದು ಬಿಸಾಡಬಹುದು, ಕಿಂಡಿಗಳು ಮೇಲೇರುತ್ತವೆ. ಆದರೆ ನಡುಪಟ್ಟಿ ಹೊಡೆಸಿಕೊಂಡ ಹಡಗನ್ನು ನೋಡಿ ಬಡಗಿಗಳು ಏನು ಹೇಳುತ್ತಾರೆಂದು ನಿನಗೂ ಗೊತ್ತು. ಕಟ್ಟಿದವನಿಗೆ ಕಟ್ಟಲು ಬರಲಿಲ್ಲ ಎನ್ನುತ್ತಾರೆ.

ಜೊರಿ ನನ್ನ ಭುಜದ ಮೇಲಿಂದ ಇಣುಕುತ್ತಿದ್ದಾನೆ. "ನಿಮ್ಮಕ್ಕನಿಗೆ ಬರಿ ಮಾರಾಯ, ನೆಟ್ಟಗೆ ನಿಲ್ಲೋ ಗಂಡ ಬೇಕಾದ್ರೆ ನಮ್ಮನ್ನ ಈ ಲಿಸ್ಬನ್ ವೈನಿನಿಂದ ಬೇಗ ದೂರ ಮಾಡ್ಸು ಅಂತ" ಎನ್ನುತ್ತಾನೆ. ತೋಪುಗಾರರ ಸಹಾಯಕನಾದ ಮೇಲೆ ಇವನ ಜಂಬ ನೋಡಲಾಗುವುದಿಲ್ಲ. ಎಡಬದಿಯ ಮೂರನೇ ಕಿಂಡಿಯ ತೋಪು ಈಗ ಇವನದು. ಅದಕ್ಕೆ ನಿನ್ನ ಹೆಸರಿಟ್ಟಿದ್ದಾನೆ. ಸದ್ದು ಹೆಚ್ಚು, ಅದಕ್ಕಂತೆ.

ನಿನ್ನ ತಮ್ಮ,
ಅಂಬ್ರೋಸ್

•

ಪ್ಲಿಮತ್ ಡಾಕ್
ಜುಲೈ 30, 1708

ತಮ್ಮ ಅಂಬ್ರೋಸ್,

ಪೂರ್ತಿ ಓದಿ ಹೇಳಿದೆ. ತಪ್ಪು ನನ್ನದೇ.

"ನೆಟ್ಟಗೆ ನಿಲ್ಲುತ್ತಾಳೆ" ಎನ್ನುವಲ್ಲಿಗೆ ಬಂದಾಗ ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ, ಇನ್ನೊಂದು ಸಲ ಓದು ಎಂದ. ಓದಿದೆ. ನಡುಪಟ್ಟಿ ಎಂದ ಕೂಡಲೇ ಎದ್ದು ನಿಂತ. "ನನ್ನ ಹಡಗೇನು ಬಸುರೀನಾ, ನಡು ಕಟ್ಟೋಕೆ? ಇಡೀ ಡಾಕ್‌ನಲ್ಲಿ ನಾನು ಕಟ್ಟಿದ ಒಂದು ಹಡಗಿಗಾದ್ರೂ ಯಾರಾದ್ರೂ ಊರುಗೋಲು ಕೊಟ್ಟಿದಾರಾ? ನಾನು ಬದುಕಿರೋವರೆಗೂ ಅದು ಆಗಲ್ಲ. ಬರಿ!" ಎಂದ. ಬರೆದಿದ್ದೇನೆ.

ನಾನೂ ಸುಮ್ಮನಿರಲಿಲ್ಲ. "ಇಷ್ಟು ಹಡಗು ಕಟ್ಟಿದೀಯ, ಒಂದರಲ್ಲಾದ್ರೂ ಕೊಲ್ಲಿಯ ಬಾಯಿ ದಾಟಿದೀಯಾ? ನದಿ ದಾಟೋ ದೋಣೀಲೇ ನಿನಗೆ ಹೊಟ್ಟೆ ತೊಳಸತ್ತೆ. ಅದರೊಳಗೆ ಇರೋರು ಹೇಳೋದನ್ನ ಸ್ವಲ್ಪ ಕೇಳು" ಎಂದೆ. ಅದಕ್ಕೆ ಅವನು, "ತೊಟ್ಟಿಲು ಮಾಡೋ ಬಡಗಿ ಅದರಲ್ಲಿ ಮಲಗಿ ನೋಡ್ತಾನೇನೆ?" ಎಂದ. ನಗು ಬಂದುಬಿಟ್ಟಿತು. ನಕ್ಕ ಮೇಲೆ ಜಗಳ ಮುಂದುವರಿಸುವುದು ಹೇಗೆ?

ಹಾಸಿಗೆ ಬಟ್ಟೆ ಮುಗಿಯುತ್ತಾ ಬಂತು. ತೋಪಿಗೆ ನನ್ನ ಹೆಸರಿಟ್ಟವನಿಗೆ ಹೇಳು, ಸದ್ದು ಇನ್ನೂ ಅವನು ಕೇಳಿಲ್ಲ, ಮದುವೆ ಆಗಲಿ.

ತಾಮ್ಸಿನ್

•

ಪೆನ್ರಿನ್ ಹಡಗು, ಕಿನ್ಸೇಲ್
ಸೆಪ್ಟೆಂಬರ್ 14, 1708

ಅಕ್ಕ,

ಕೂತುಕೊಂಡು ಓದು. ಪಕ್ಕದ ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೋ.

ಜೊರಿ ಹೋದ.

ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡವೆಂದು ನಡೆದದ್ದನ್ನು ನಾನೇ ಬರೆಯುತ್ತೇನೆ. ಲಿಸ್ಬನ್ನಿನಿಂದ ವ್ಯಾಪಾರಿ ಹಡಗುಗಳ ಜೊತೆ ವಾಪಸು ಬರುತ್ತಿದ್ದೆವು. ಮಧ್ಯಾಹ್ನ ಎರಡು ಫ್ರೆಂಚ್ ಲೂಟಿ ಹಡಗುಗಳು ಬೆನ್ನು ಹತ್ತಿದವು. ಗಾಳಿ ಜೋರಿತ್ತು, ಪೆನ್ರಿನ್ ಎಡಕ್ಕೆ ಬಾಗಿದ್ದಳು. ಅವರು ಬಂದದ್ದೂ ಎಡಕ್ಕೇ. ಮೇಲಿನ ತೋಪುಗಳು ಸಾಲಲಿಲ್ಲ. ನಮ್ಮ ಕಾವಲಿನಲ್ಲಿದ್ದ ವ್ಯಾಪಾರಿ ಹಡಗೊಂದನ್ನು ಅವರು ಹಿಡಿದೇಬಿಡುವ ಹಾಗಿದ್ದಾಗ ಕಪ್ತಾನರು ಕೆಳ ಅಟ್ಟದ ಕಿಂಡಿ ತೆಗೆಯಲು ಹೇಳಿದರು. ಬೇರೆ ದಾರಿ ಇರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ.

ಒಂದು ಸುತ್ತು ಹೊಡೆದರು. ಒಂದು ಲೂಟಿ ಹಡಗಿನ ಹಾಯಿ ಕಟ್ಟುವ ಕೂವೆಮರ ಮುರಿದುಬಿತ್ತು. ಅಷ್ಟರಲ್ಲಿ ಗಾಳಿ ಒಮ್ಮೆ ತಳ್ಳಿತು, ಸಮುದ್ರ ಕಿಂಡಿಗಳಿಂದ ನೇರ ಒಳಗೆ ಬಂತು. ತೋಪನ್ನು ಒಳಗೆ ಎಳೆದರೆ ಮಾತ್ರ ಮುಚ್ಚಳ ಬೀಳುತ್ತದೆ. ಬಾಗಿದ ಹಡಗಿನಲ್ಲಿ ಅದನ್ನು ಏರಿನ ಕಡೆಗೆ ಎಳೆಯಬೇಕು, ಸೊಂಟದ ಮಟ್ಟ ನೀರಿನಲ್ಲಿ. ಉಳಿದ ಕಿಂಡಿಗಳು ಹೇಗೋ ಮುಚ್ಚಿದವು, ಮೂರನೆಯದು ಮುಚ್ಚಲಿಲ್ಲ. ಜೊರಿ ತನ್ನ ಜನರನ್ನು ಬಿಡಲಿಲ್ಲ, "ಎಳೀರೋ, ಇನ್ನೊಂದ್ಸಲ ಎಳೀರೋ" ಎಂದು ಕೂಗುತ್ತಲೇ ಇದ್ದ. ನಾನು ಅಲ್ಲೇ ಇದ್ದೆ, ಹಗ್ಗದ ತುದಿ ನನ್ನ ಕೈಯಲ್ಲೂ ಇತ್ತು. ಎಳೆದೆವು, ಮುಚ್ಚಳ ಬಿತ್ತು, ಹಡಗು ಉಳಿಯಿತು. ಮುಂದೆ ನಿಂತಿದ್ದ ಅವನನ್ನು ಮಾತ್ರ ನೀರು ತೋಪಿನ ಗಾಡಿಯಡಿಗೆ ತಳ್ಳಿಬಿಟ್ಟಿತ್ತು. ಎತ್ತಿದಾಗ ಉಸಿರಿರಲಿಲ್ಲ.

ಸಮುದ್ರಕ್ಕೆ ಬಿಡುವ ಮುಂಚೆ ಅವನನ್ನು ಸುತ್ತಿ ಹೊಲಿದ ಬಟ್ಟೆಗೆ ನಾನೇ ಕೊನೆಯ ಹೊಲಿಗೆ ಹಾಕಿದೆ. ಬೇರೆ ಯಾರಿಗೂ ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ, ಅಕ್ಕ.

ಅಂಬ್ರೋಸ್

•

ಪೆನ್ರಿನ್ ಹಡಗು, ಕಿನ್ಸೇಲ್
ಜನವರಿ 11, 1709

ಅಕ್ಕ,

ನಿನ್ನಿಂದ ಒಂದು ಸಾಲೂ ಇಲ್ಲ. ಬರೆಯೆಂದು ಒತ್ತಾಯ ಮಾಡುವುದಿಲ್ಲ.

ನಮಗೆ ಅಪ್ಪಣೆ ಬಂದಿದೆ. ಮಾರ್ಚಿನಲ್ಲಿ ಪ್ಲಿಮತ್‌ಗೆ ಬಂದು ದುರಸ್ತಿ ಮಾಡಿಸಿಕೊಂಡು, ಅಲ್ಲಿಂದ ಜಮೈಕಾಕ್ಕೆ. ಅಲ್ಲಿನ ಸುಂಟರಗಾಳಿಯ ಕಥೆಗಳನ್ನು ನೀನೂ ಕೇಳಿದ್ದೀಯ. ದುರಸ್ತಿಯ ಕೆಲಸಗಳಲ್ಲಿ ನಡುಪಟ್ಟಿಯನ್ನೂ ನಾನು ಸೇರಿಸಿದೆ. ಹಡಗುಕಟ್ಟೆಯ ದೊಡ್ಡ ಯಜಮಾನರು ಅದನ್ನು ತೆಗೆದುಹಾಕಿದ್ದಾರೆ. "ಹ್ಯಾನಫರ್ಡ್ ಕಟ್ಟಿದ ಹಡಗು. ಹ್ಯಾನಫರ್ಡೇ ಕೇಳದೆ ಇರುವಾಗ ನಾವು ಅದರ ನಡುವಿಗೆ ಕೈ ಹಾಕುವುದಿಲ್ಲ" ಎಂದು ಅಪ್ಪನ ಹೆಸರು ಹಿಡಿದೇ ಹೇಳಿ ಕಳಿಸಿದ್ದಾರೆ. ಕಪ್ತಾನರಿಗೂ ಬೇರೆ ದಾರಿ ತೋಚದೆ, ಇನ್ನಷ್ಟು ಜಲ್ಲಿ ಹಾಕಿಸೋಣ ಎನ್ನುತ್ತಿದ್ದಾರೆ.

ಬೇರೆ ಹಡಗಿಗೆ ಹೋಗು ಎಂದು ಗೆಳೆಯರು ಹೇಳುತ್ತಾರೆ. ನಾವಿಕರು ಹಡಗಿನಿಂದ ಹಡಗಿಗೆ ಹೋಗಬಹುದು, ಕಪ್ತಾನರೂ ಹೋಗಬಹುದು. ಬಡಗಿ ಹಾಗಲ್ಲ. ಪೆನ್ರಿನ್ ತೇಲುವ ತನಕ ನಾನು ಅವಳ ಬಡಗಿ. ಹೋಗುವ ಮನಸ್ಸೂ ಇಲ್ಲ. ಅವಳೊಳಗೆ ಇನ್ನೂರು ಚಿಲ್ಲರೆ ಜನ ಮಲಗುತ್ತಾರೆ.

ಅಪ್ಪನಿಗೆ ಏನನ್ನೂ ಹೇಳಬೇಡ. ಅವನನ್ನು ಏನೂ ಕೇಳಬೇಡ.

ಅಂಬ್ರೋಸ್

•

ಪ್ಲಿಮತ್ ಡಾಕ್
ಫೆಬ್ರವರಿ 3, 1709

ತಮ್ಮ ಅಂಬ್ರೋಸ್,

ಹೇಳಬೇಡ ಎಂದೆ, ಹೇಳಲಿಲ್ಲ. ಕೇಳಬೇಡ ಎಂದೆ, ಕೇಳಲೂ ಇಲ್ಲ. ಮಾಡಬೇಡ ಎಂದು ನೀನು ಬರೆದಿರಲಿಲ್ಲ.

ಜೊರಿಯ ವಿಷಯ ಈ ಕಾಗದದಲ್ಲಿ ಬರೆಯುವುದಿಲ್ಲ. ಹಾಸಿಗೆ ಬಟ್ಟೆ ಮಡಿಸಿಟ್ಟಿದ್ದೇನೆ, ಅಷ್ಟೇ.

ನಿನ್ನ ಸೆಪ್ಟೆಂಬರ್ ಕಾಗದವನ್ನು ಅಪ್ಪನಿಗೆ ಮೊದಲಿಂದ ಕೊನೆಯ ತನಕ ಓದಿ ಹೇಳಿದ್ದೆ. ನೀನು ಜಲ್ಲಿಯ ಹೆಸರೆತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಮಾರನೆಯ ದಿನದಿಂದ ಹಡಗುಕಟ್ಟೆಯಿಂದ ಬರಿಗೈಯಲ್ಲಿ ಮನೆಗೆ ಬರಲು ಶುರುಮಾಡಿದ. ಜೀವಮಾನವಿಡೀ ಹೆಗಲ ಮೇಲೆ ಚೂರುಕಟ್ಟಿಗೆಯ ಹೊರೆ ಇಲ್ಲದೆ ಬಾಗಿಲು ದಾಟಿದವನಲ್ಲ ಅವನು. ಬಡಗಿಯ ಹಕ್ಕು ಅದು, ಅದಕ್ಕಾಗಿ ಯಜಮಾನರ ಜೊತೆಗೇ ಹೊಡೆದಾಡಿದವನು. ಈಗ ಒಲೆಗೆ ಕಟ್ಟಿಗೆ ಇಲ್ಲ ಎಂದರೂ ಅವನ ಕಿವಿಗೆ ಹೋಗುವುದಿಲ್ಲ. ನಾವಿಬ್ಬರೂ ಚಳಿಯಲ್ಲಿ ಎದುರುಬದುರು ಕೂತು ಉಪ್ಪುಮೀನು ತಿಂದು ಮಲಗುತ್ತಿದ್ದೆವು.

ಅವನ ಮೇಲೆ ನನಗೆ ಕೋಪವಿತ್ತು, ಅಂಬ್ರೋಸ್. ಎದುರಿಗೆ ಕೂತವನ ಮುಖ ನೋಡಲಾಗದಷ್ಟು ಕೋಪ. ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು, ಅದಕ್ಕೆ ಇನ್ನೂ ಕೋಪ. ಮೊನ್ನೆ ನಿನ್ನ ಕಾಗದ ಬಂದ ಮೇಲೆ ತೀರ್ಮಾನ ಮಾಡಿದೆ. ಒಬ್ಬನನ್ನು ಕೊಟ್ಟಾಯಿತು, ಇನ್ನೊಬ್ಬನನ್ನು ಕೊಡುವುದಿಲ್ಲ.

ಭಾನುವಾರ ಇಗರ್ಜಿಯಿಂದ ಬಂದವಳೇ ತೊಟ್ಟಿಗೆ ನೀರು ತುಂಬಿದೆ. ಅಟ್ಟಣಿಗೆಯಿಂದ ಪುಟ್ಟ ಪೆನ್ರಿನ್ ಇಳಿಸಿದೆ. ಅಪ್ಪ ಬಾಗಿಲಲ್ಲಿ ನಿಂತ.

"ಏನೇ ಮಾಡ್ತಿದೀಯಾ?"

"ಒಗೀತಿದೀನಿ."

"ಭಾನುವಾರ? ಹಡಗನ್ನ?"

"ಮೈಲಿಗೆ ಆಗಿದೆ. ಅದಕ್ಕೆ."

ಅವನು ಮುಂದೆ ಬರಲಿಲ್ಲ, ಹೋಗಲೂ ಇಲ್ಲ. ನಾನು ಮೇಲೆ ಸೀಸದ ಗುಂಡುಗಳನ್ನು ಜೋಡಿಸಿದೆ. ಊದಲು ಈಗ ಯಾರೂ ಇರಲಿಲ್ಲವಲ್ಲ, ಒಲೆಯ ತಿದಿ ತಂದಿಟ್ಟುಕೊಂಡೆ. ಒಂದು ಸಲ ಒತ್ತಿದೆ, ಹಡಗು ಮಲಗಿತು. ಎತ್ತಿ, ಹೊಟ್ಟೆಗೆ ಮುಷ್ಟಿ ತುಂಬ ಸಣ್ಣ ಕಲ್ಲು ಹಾಕಿದೆ. ಮತ್ತೆ ಒತ್ತಿದೆ. ಈ ಸಲ ಮಲಗಲಿಲ್ಲ.

"ನೋಡಪ್ಪ, ನೆಟ್ಟಗೇ ನಿಂತ್ಲು. ನೀನು ಹೇಳಿದ ಹಾಗೇ" ಎಂದೆ. "ಕೆಳಗಿನ ಕಿಂಡಿ ಎಲ್ಲಿದೆ ಹೇಳು?"

ಆ ಕಿಂಡಿಗಳಿಗೆ ಕೆಂಪು ಬಣ್ಣ ಬಳಿದವನು ಅವನೇ. ಬಗ್ಗಿ ನೋಡಿದ. ಬಾಗಿದ ಬದಿಯ ಕೆಂಪು ಸಾಲು ನೀರಿನ ಕೆಳಗೆ ಕಾಣುತ್ತಿತ್ತು. ನಾನು ಎಡಬದಿಯ ಮೂರನೆಯದರ ಮೇಲೆ ಬೆರಳಿಟ್ಟೆ. ಅದೊಂದು ಕೆಟ್ಟ ಕೆಲಸ ಮಾಡಿದೆ, ಆದರೆ ಮಾಡದೆ ಇರಲಾಗಲಿಲ್ಲ.

ಆಮೇಲೆ ಕಲ್ಲೆಲ್ಲ ತೆಗೆದೆ. ಮೊದಲೇ ಸೀಳಿಟ್ಟಿದ್ದ ಎರಡು ಮರದ ಪಟ್ಟಿಗಳನ್ನು ಎರಡು ಬದಿಗೂ ಇಟ್ಟು ಕಟ್ಟಬೇಕಿತ್ತು, ದಾರ ಸಿಗಲಿಲ್ಲ. ಮಡಿಸಿಟ್ಟಿದ್ದ ಹಾಸಿಗೆ ಬಟ್ಟೆಯ ಅಂಚನ್ನು ಹರಿದು ಕಟ್ಟಿದೆ. ಹರಿಯುವ ಸದ್ದಿಗೆ ಅಪ್ಪ ಕಣ್ಣು ಮುಚ್ಚಿಕೊಂಡ. ತಿದಿ ಒತ್ತಿದೆ. ಹಡಗು ಸ್ವಲ್ಪ ಬಾಗಿತು, ಎದ್ದು ನಿಂತಿತು. ಕೆಂಪು ಸಾಲು ಒಣಗಿಯೇ ಇತ್ತು.

ಅಪ್ಪ ನನ್ನ ಕೈಯಿಂದ ತಿದಿ ಕಿತ್ತುಕೊಂಡ. ಮಂಡಿಯೂರಿ ಕೂತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದ. ಮಲಗಿಸಿಯೇ ತೀರುತ್ತೇನೆ ಎನ್ನುವವನ ಹಾಗೆ ಒತ್ತಿದ. ನೀರು ನನ್ನ ಮುಖಕ್ಕೆಲ್ಲ ಹಾರಿತು. ಪೆನ್ರಿನ್ ಬಾಗಿ ಬಾಗಿ ಎದ್ದಳು. ಕೊನೆಗೆ ಸುಸ್ತಾಗಿ ತಿದಿ ಕೆಳಗಿಟ್ಟು, ಪಟ್ಟಿಯನ್ನು ಉಗುರಿನಿಂದ ಮುಟ್ಟಿ ನೋಡಿ ಹೇಳಿದ:

"ಹಲಗೆ ದಪ್ಪ ಸಾಲ್ದು."

ಎದ್ದು ಕೋಟು ಹಾಕಿಕೊಂಡ. "ಎಲ್ಲಿಗಪ್ಪ?" ಎಂದೆ. "ಯಜಮಾನ್ರ ಮನೆಗೆ" ಎಂದ. "ಭಾನುವಾರ?" ಎಂದೆ. "ನೀನು ಹಡಗು ಒಗೀಬಹುದು, ನಾನು ಮಾತಾಡಬಾರ್ದಾ?" ಎಂದ. ಕೋಟನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡಿದ್ದ. ನಾನು ಹೇಳಲಿಲ್ಲ. ಹಾಗೇ ಹೋಗಿ, ಹಾಗೇ ಯಜಮಾನರ ಮುಂದೆ ನಿಂತು, ನಡುಪಟ್ಟಿ ಕೇಳಿಕೊಂಡು ಬಂದ.

ಪೆನ್ರಿನ್ ಬರಲಿ.

ತಾಮ್ಸಿನ್

•

ಪೆನ್ರಿನ್ ಹಡಗು, ರೇಮ್ ಹೆಡ್ ಭೂಶಿರದ ಎದುರು ಸಮುದ್ರದಲ್ಲಿ
ಮೇ 17, 1709

ಅಕ್ಕ,

ಈ ಕಾಗದ ಅಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನನ್ನು ದಡಕ್ಕೆ ಕರೆದೊಯ್ಯುವ ದೋಣಿ ಪಕ್ಕಕ್ಕೆ ಬರುವಷ್ಟರಲ್ಲಿ ಮುಗಿಸಬೇಕು. ಅವನು ಹಗ್ಗದ ಸುರುಳಿಯ ಮೇಲೆ ಕೂತಿದ್ದಾನೆ, ಮುಖ ಹಸಿರಾಗಿದೆ.

ಎರಡು ತಿಂಗಳು ಡಾಕ್‌ನಲ್ಲಿ ನಾವಿಬ್ಬರೂ ಹೇಗಿದ್ದೆವೆಂದು ಮನೆಗೆ ಬಂದಾಗಲೆಲ್ಲ ನೀನು ಕೇಳುತ್ತಿದ್ದೆ. ನಾನು ಸರಿಯಾಗಿ ಹೇಳಲಿಲ್ಲ. ಅವನು ಎಡಬದಿ, ನಾನು ಬಲಬದಿ. "ಹಲಗೆ", "ಗೂಟ", "ಇನ್ನೊಂದು ಕೂದಲೆಳೆ" ಇಷ್ಟೇ ನಮ್ಮ ಮಾತು. ಒಂದೊಂದು ಹಲಗೆಗೂ ಕಿವಿಗೊಟ್ಟು, ಕೊಡತಿಯಿಂದ ತಟ್ಟಿ ಕೇಳಿದ. ಹಸಿ ಮರ ಕಂಡರೆ ಎತ್ತಿ ಎಸೆದ. ಜಲ್ಲಿ ತೆಗೆಯುವ ದಿನ ಮಾತ್ರ ಕೆಲಸ ಬಿಟ್ಟು ಹೊಟ್ಟೆಯ ಬಾಯಿಗೆ ಬಂದು ನಿಂತ. ಬುಟ್ಟಿ ಬುಟ್ಟಿಯಾಗಿ ಮೇಲೆ ಬರುವುದನ್ನು ನೋಡುತ್ತಲೇ ಇದ್ದ. ತಳ ಗುಡಿಸಿದ ಮೇಲೂ ನಿಂತೇ ಇದ್ದ. ನಾನು ಹತ್ತಿರ ಹೋಗಿ ಖಾಲಿ ಬುಟ್ಟಿಗಳನ್ನು ಎತ್ತಿಟ್ಟೆ.

ಇವತ್ತು ಅವನು ಹಡಗು ಹತ್ತುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಲಂಗರು ಎತ್ತುವ ಹೊತ್ತಿಗೆ ಏಣಿ ಹತ್ತಿ ಬಂದು ಕಪ್ತಾನರ ಮುಂದೆ ಟೋಪಿ ತೆಗೆದು ನಿಂತ. "ಗಾಳಿ ಚೆನ್ನಾಗಿದೆ ಸ್ವಾಮಿ. ಕೊಲ್ಲಿ ದಾಟಿದ ಮೇಲೆ ಕೆಳ ಅಟ್ಟದ ಕಿಂಡಿ ತೆಗೆಸ್ಬೇಕು. ಬಾಗಿದ ಬದೀದು" ಎಂದ.

"ನೀರು ಒಳಗೆ ಬಂದರೆ?" ಎಂದರು ಕಪ್ತಾನರು.

"ಮೊದಲು ನಾನು ಒದ್ದೆ ಆಗ್ತೀನಿ."

ಕೊಲ್ಲಿಯ ಬಾಯಿ ದಾಟುವಷ್ಟರಲ್ಲೇ ಅವನ ಹೊಟ್ಟೆಯಲ್ಲಿದ್ದದ್ದೆಲ್ಲ ಬಕೆಟ್ಟಿಗೆ ಬಂತು. ನಾವಿಕರು ಮುಸಿಮುಸಿ ನಕ್ಕರು. ಅವನು ಬಾಯಿ ಒರೆಸಿಕೊಂಡು, ಬಕೆಟ್ಟನ್ನು ಸಮುದ್ರಕ್ಕೆ ಚೆಲ್ಲಿ, ಖಾಲಿ ಬಕೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಹಿಂದೆ ಕೆಳ ಅಟ್ಟಕ್ಕೆ ಇಳಿದ. ಪೆನ್ರಿನ್ ಎಡಕ್ಕೆ ಬಾಗಿದ್ದಳು, ಅವತ್ತಿನ ಹಾಗೆಯೇ. ತೋಪುಗಾರರು ದೂರ ದೂರ ನಿಂತಿದ್ದರು. ಅವರಿಗೂ ಅವತ್ತಿನದು ಮರೆತಿಲ್ಲ.

ಅಪ್ಪ ನನ್ನ ಕಡೆ ತಿರುಗಿ ಕೇಳಿದ: "ಜೊರಿ ಯಾವುದ್ರ ಹತ್ರ ಇದ್ದ?"

ಒಂದು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು, ಅಕ್ಕ. ತೋರಿಸಿದೆ. ಅವನಿಗೆ ಮೊದಲೇ ಗೊತ್ತಿತ್ತು ಎನ್ನಿಸಿತು. ಬಕೆಟ್ಟನ್ನು ಬೋರಲು ಹಾಕಿ, ಕಿಂಡಿಗೆ ಎದುರಾಗಿ, ಮಂಡಿ ಹಲಗೆಗೆ ತಾಗುವ ಹಾಗೆ ಅದರ ಮೇಲೆ ಕೂತ. "ತೆಗೀರಿ" ಎಂದ. ಯಾರೂ ಕೈ ಹಾಕಲಿಲ್ಲ. ಹಗ್ಗ ನಾನೇ ಎಳೆದೆ.

ಮುಚ್ಚಳ ಮೇಲೆದ್ದಿತು. ಬೆಳಕು ಬಂತು, ಗಾಳಿ ಬಂತು, ಹನಿ ಸಿಡಿಯಿತು. ಸಮುದ್ರ ಹೊರಗೇ ಇತ್ತು. ಅಪ್ಪ ಹಾಗೇ ಕೂತಿದ್ದ. ಒಂದು ದೊಡ್ಡ ಅಲೆ ಬರುವುದು ಕಂಡು ನನ್ನ ಪಕ್ಕದವನು ಕಂಬ ಹಿಡಿದುಕೊಂಡ. ಅವಳು ಇನ್ನಷ್ಟು ಬಾಗಿದಳು, ನಡುಪಟ್ಟಿ ನೀರಿನ ಮೇಲೆ ಕೂತದ್ದು ನನ್ನ ಪಾದಕ್ಕೇ ತಿಳಿಯಿತು, ಅಲ್ಲಿಗೇ ನಿಂತಳು. ಅಲೆ ಕೆಳಗೆ ಉರುಳಿಕೊಂಡು ಹೋಯಿತು.

ಆಗ ಅಪ್ಪ ಕಿಂಡಿಯಿಂದ ಹೊರಗೆ ಬಗ್ಗಿ ಕೈ ಕೆಳಕ್ಕೆ ಚಾಚಿದ. ತೋಳು ಭುಜದವರೆಗೂ ಹೊರಗೆ ಹೋಯಿತು. ಬೀಳುತ್ತಾನೆಂದು ನಾನು ಅವನ ಸೊಂಟದ ಪಟ್ಟಿ ಹಿಡಿದುಕೊಂಡೆ. ತಡಕಾಡಿ ತಡಕಾಡಿ, ಬಹಳ ಹೊತ್ತಿನ ಮೇಲೆ ಒಳಗೆ ಬಂದ. ನೀರು ಮುಟ್ಟದ ಕೈ ನೋಡಿಕೊಂಡ. "ಎಲ್ಲಾ ತೆಗೆಸು" ಎಂದ.

ಎಲ್ಲ ತೆಗೆಸಿದೆ. ಇಡೀ ಸಾಲು. ತೋಪುಗಳನ್ನು ಹೊರಗೆ ತಳ್ಳಿ ಒಂದು ಸುತ್ತು ಹೊಡೆದೂ ನೋಡಿದೆವು. ಸದ್ದು ನಿನಗೆ ಮನೆಯಲ್ಲಿ ಕೇಳಿಸಿರಬೇಕು. ಮೂರನೆಯದು ಎಲ್ಲಕ್ಕಿಂತ ಜೋರು.

ದೋಣಿ ಬಂತು. ಜಮೈಕಾದಿಂದ ಬರೆಯುತ್ತೇನೆ. ಪೆನ್ರಿನ್ ನನ್ನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತಾಳೆ. ಈ ಮಾತನ್ನು ಧೈರ್ಯಕ್ಕೆ ಹೇಳುತ್ತಿಲ್ಲ, ಪಾದಕ್ಕೆ ತಿಳಿದದ್ದನ್ನು ಹೇಳುತ್ತಿದ್ದೇನೆ.

ನಿನ್ನ ತಮ್ಮ,
ಅಂಬ್ರೋಸ್

•

ಪ್ಲಿಮತ್ ಡಾಕ್
ಮೇ 20, 1709

ತಮ್ಮ ಅಂಬ್ರೋಸ್,

ಸದ್ದು ಕೇಳಿಸಿತು. ತೊಟ್ಟಿಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ. ಹೊರಗೆ ಬರಲಿಲ್ಲ. ಬಂದಿದ್ದರೆ ಬೀದಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು, ಅಳುವುದಕ್ಕೆ ಜಾಗ ಇರುತ್ತಿರಲಿಲ್ಲ. ಅತ್ತೆ. ಸೆಪ್ಟೆಂಬರಿನಿಂದ ಇಟ್ಟುಕೊಂಡದ್ದನ್ನೆಲ್ಲ ಅತ್ತೆ.

ಅಪ್ಪ ಸಂಜೆ ಬಂದ. ತಲೆಯ ಮೇಲೆ ಟೋಪಿ ಇಲ್ಲ, ನೀರುಪಾಲಂತೆ. ಕಾಲು ಇನ್ನೂ ಹಡಗಿನ ಮೇಲಿರುವವನ ಹಾಗೆ ಅಗಲಿಸಿ ಇಡುತ್ತಿದ್ದ. ಹೆಗಲ ಮೇಲೆ ಹೊರೆ! ನಡುಪಟ್ಟಿಯ ಓಕ್ ಚೂರುಗಳು, ಡಾಕ್‌ನಲ್ಲಿ ಕಟ್ಟಿಟ್ಟಿದ್ದನಂತೆ, ಬರುವಾಗ ಎತ್ತಿಕೊಂಡು ಬಂದ. ಒಲೆ ಹೊತ್ತಿಸಿದೆ. ನಿನ್ನ ಕಾಗದ ಕೊಟ್ಟು, ನಾನು ಓದಿ ಮುಗಿಸುವ ತನಕ ಬೆಂಕಿಯನ್ನೇ ನೋಡುತ್ತ ಕೂತಿದ್ದ. ಈ ಸಲ ಓದಿ ಹೇಳು ಅನ್ನಲಿಲ್ಲ.

ನಾನು ಕಾಗದ ಮಡಿಸಿದ ಮೇಲೆ ತನ್ನ ಬಲಗೈ ಬಿಡಿಸಿ ನನ್ನ ಮುಂದೆ ಹಿಡಿದ. "ಚಾಚಿ ನೋಡ್ದೆ ಕಣಮ್ಮ. ನೀರು ಸಿಗ್ಲಿಲ್ಲ" ಎಂದ.

"ಗೊತ್ತು ಅಪ್ಪ. ಬರ್ದಿದಾನೆ" ಎಂದೆ.

ಇನ್ನೇನೋ ಹೇಳಬೇಕೆಂದು ಬಾಯಿ ತೆರೆದ. ನಾನು ಅವನ ಮುಂದೆ ಬಟಾಣಿಯ ಗಂಜಿ ಇಟ್ಟೆ. ತಟ್ಟೆ ಖಾಲಿಯಾಗುವ ತನಕ ತಿಂದ. ಅವನನ್ನು ಕ್ಷಮಿಸಿದೆಯಾ ಎಂದು ನೀನು ಕೇಳಬೇಡ. ಎರಡನೇ ಸಲ ಬಡಿಸಿದೆ.

ಪುಟ್ಟ ಪೆನ್ರಿನ್ ಮತ್ತೆ ಅಟ್ಟಣಿಗೆಯ ಮೇಲಿದ್ದಾಳೆ. ನಾನು ಕಟ್ಟಿದ ಪಟ್ಟಿಗಳನ್ನು ಅಪ್ಪ ತೆಗೆದು, ಹೊಸದಾಗಿ ಕೆತ್ತಿ ಮೊಳೆ ಹೊಡೆದಿದ್ದಾನೆ. ಬಟ್ಟೆಯ ಅಂಚನ್ನು ಬಿಸಾಡಲಿಲ್ಲ, ಮಡಿಸಿ ನನ್ನ ಕೈಗೆ ಕೊಟ್ಟ.

ಈ ಕಾಗದ ಬರೆಯಲು ಕೂತಾಗ ಎಂದಿನ ಹಾಗೆ ಗೋಡೆಗೆ ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಎದ್ದು ಬಂದು, ಜಾಗ ಬಿಡು ಎಂದ. ಬರೆಯುವುದಕ್ಕೆ ಬಡಗಿಯ ಸೀಸದಕಡ್ಡಿ ಬಿಟ್ಟು ಬೇರೇನೂ ಹಿಡಿಯದ ಕೈ, ಲೇಖನಿ ಮುರಿಯುತ್ತಾನೆಂದುಕೊಂಡೆ. ಮುರಿಯಲಿಲ್ಲ. ಕೆಳಗಿನದು ಅವನ ಕೈಬರಹ. ಅಕ್ಷರ ನೋಡಿ ನಗಬೇಡ.

ನಿನ್ನ ಅಕ್ಕ,
ತಾಮ್ಸಿನ್

ಮಗನೆ,
ಜಮೈಕಾದಲ್ಲಿ ಗಾಳಿ ಜಾಸ್ತಿಯಂತೆ. ಹಡಗು ಬಾಗಿದರೆ ಹೆದರಬೇಡ, ಏಳುತ್ತಾಳೆ. ನಡುಪಟ್ಟಿಯ ಗೂಟಗಳನ್ನು ಆರು ತಿಂಗಳಿಗೊಮ್ಮೆ ತಟ್ಟಿ ನೋಡು. ಜಲ್ಲಿ ಹಾಕಬೇಡ. ಕಪ್ತಾನ ಹೇಳಿದರೂ ಹಾಕಬೇಡ. ಲಂಡನ್ನಿನವರು ಬರೆದರೂ ಹಾಕಬೇಡ. ನಾನು ಹೇಳಿದರೂ ಹಾಕಬೇಡ.
ಗಿಡಿಯನ್ ಹ್ಯಾನಫರ್ಡ್
ನಿನ್ನ ಅಪ್ಪ